ಕುಲುಮೆಯ ಮಾತು

ತೊಗರಿ ರಾಶಿ ಮುಗಿದ ಮೇಲಿನ ಒಂದು ಭಾನುವಾರ. ಸಂತಪುರದ ನಮ್ಮ ಮನೆಯ ಪಡಸಾಲೆಯಲ್ಲಿ ಅಣ್ಣನ ಮಗಳು ಲ್ಯಾಪ್‌ಟಾಪ್ ತೆರೆದು ಕೂತಿದ್ದಳು. ಬೀದರಿನಲ್ಲಿ ಎಂಜಿನಿಯರಿಂಗ್ ಓದುವ ಹುಡುಗಿ. "ಕಾಕಾ, ಇಲ್ಲಿಂದಾನೇ ಕೆನಡಾದ ಕ್ವಾಂಟಮ್ ಕಂಪ್ಯೂಟರಿಗೆ ಲೆಕ್ಕ ಕಳಸ್ತೀನಿ, ನೋಡ್ರಿ" ಅಂದಳು. ನಾನೂ ಕೂತೆ.

ಕಪ್ಪು ಪರದೆ, ಮಿನುಗುವ ಒಂದು ಗೆರೆ. ಇಲ್ಲಿ ಮೌಸಿಗೆ ಕೆಲಸವಿಲ್ಲ. ಹೇಳುವುದನ್ನೆಲ್ಲ ಅಕ್ಷರದಲ್ಲೇ ಹೇಳಬೇಕು. ಮೊದಲು ಪೈಥಾನಿಗೊಂದು ಬೇರೆ ಜಾಗ ಮಾಡಿಕೊಂಡಳು, ವರ್ಚುವಲ್ ಎನ್ವಿರಾನ್‌ಮೆಂಟ್ ಅಂತೆ. ಹಳೆಯ ಸಾಮಾನಿನ ಜೊತೆ ಹೊಸದು ಬೆರೆತರೆ ಎರಡೂ ಕೆಡಬಹುದು. ನಮ್ಮವ್ವ ಬಿತ್ತನೆಯ ತೊಗರಿಗೆ ಬೂದಿ ಬೆರೆಸಿ, ಬೇರೆ ಗಡಿಗೆಯಲ್ಲಿ ತುಂಬಿ ಬಾಯಿ ಮೆತ್ತುತ್ತಿದ್ದಳು. ಬೇಳೆಗೆ ಒಡೆಯುವ ಕಾಳು ಅತ್ತ ಸುಳಿಯುವಂತಿರಲಿಲ್ಲ.

ಆಮೇಲೆ ಆ ಕಂಪ್ಯೂಟರ್ ಮಾಡಿದ ಡಿ-ವೇವ್ ಕಂಪನಿಯ ಓಶನ್ ಎಂಬ ತಂತ್ರಾಂಶ ಇಳಿಸಿಕೊಂಡು 'ಡಿವೇವ್ ಸೆಟಪ್' ಎಂದು ಹೊಡೆದಳು. ಅದು ಒಂದೊಂದೇ ಪ್ರಶ್ನೆ ಕೇಳಿತು, ಬ್ರೌಸರಿನಲ್ಲಿ ಅವಳ ಒಪ್ಪಿಗೆ ಪಡೆಯಿತು, ಉದ್ದನೆಯ ಟೋಕನ್ನನ್ನು ಒಂದು ಫೈಲಿನಲ್ಲಿ ಬರೆದಿಟ್ಟುಕೊಂಡಿತು. ಆ ಟೋಕನ್ ಯಾರಿಗೂ ತೋರಿಸಬಾರದು. ಯಂತ್ರದಲ್ಲಿ ಅವಳ ಪಾಲಿಗೆ ಬಂದ ಹೊತ್ತಿನ ಚಾವಿ ಅದು. ದೂರದಿಂದಲೇ ಯಂತ್ರ ಬಳಸಲು ಕೊಡುವ ಕಂಪನಿಯ ಈ ಸೇವೆಗೆ ಲೀಪ್ ಅಂತ ಹೆಸರು; ಭಾರತಕ್ಕೆ ಅದು ತೆರೆದದ್ದು 2020ರಲ್ಲಿ.

"ಇದು ಅನೀಲಿಂಗ್ ಮಾಡೋ ಯಂತ್ರ, ಕಾಕಾ" ಅಂದಾಗ ನನ್ನ ಕಿವಿ ನಿಮಿರಿತು. ಅನೀಲಿಂಗ್ ಅಂದರೆ ಕುಲುಮೆಯ ಮಾತು! ಕಮ್ಮಾರರು ಗಡುಸು ಉಕ್ಕನ್ನು ಕೆಂಪಗೆ ಕಾಸಿ, ನೀರಿಗೆ ಅದ್ದದೆ ಬೂದಿಯಲ್ಲಿ ಹೂತುಬಿಡುತ್ತಾರೆ. ರಾತ್ರಿಯೆಲ್ಲ ಆರಿದ ಉಕ್ಕು ಬೆಳಗ್ಗೆ ಹೇಳಿದಂತೆ ಬಾಗುತ್ತದೆ. ಅವಸರದಲ್ಲಿ ತಣಿದರೆ ಕಣಗಳು ಸಿಕ್ಕಲ್ಲೇ ನಿಲ್ಲುತ್ತವೆ, ನಿಧಾನವಾದರೆ ತಮ್ಮ ತಮ್ಮ ಜಾಗ ಹುಡುಕಿಕೊಳ್ಳುತ್ತವೆ. 1983ರಲ್ಲಿ ಕರ್ಕ್‌ಪ್ಯಾಟ್ರಿಕ್ ಎಂಬ ವಿಜ್ಞಾನಿ ಮತ್ತು ಜೊತೆಗಾರರು ಈ ಹದವನ್ನೇ ಲೆಕ್ಕ ಬಿಡಿಸುವ ದಾರಿ ಮಾಡಿಕೊಂಡರು. 1998ರಲ್ಲಿ ಜಪಾನಿನ ವಿಜ್ಞಾನಿಗಳಾದ ಕಡೊವಾಕಿ, ನಿಶಿಮೋರಿ ಬಿಸಿಯ ಬದಲು ಕ್ವಾಂಟಮ್ ಏರಿಳಿತವನ್ನು ಮೆಲ್ಲಗೆ ಇಳಿಸಿ ನೋಡಿದರು. ಅಡ್ಡಾಡಿ ಅಡ್ಡಾಡಿ ಎಲ್ಲಕ್ಕಿಂತ ಆಳದ ತಗ್ಗು, ಅಂದರೆ ಎಲ್ಲಕ್ಕಿಂತ ಒಳ್ಳೆಯ ಉತ್ತರ, ಹುಡುಕುವುದೇ ಎರಡರ ಕೆಲಸ. ನಮ್ಮ ಜಿಲ್ಲೆಯ ಮಕ್ಕಳಿಗೆ ಈ ಪಾಠವನ್ನು ಕುಲುಮೆಯ ಮುಂದೆ ನಿಲ್ಲಿಸಿಯೇ ಶುರುಮಾಡಬೇಕು. ಇದು ನನ್ನ ಗಟ್ಟಿ ಮಾತು.

ಕೊನೆಗೆ 'ಡಿವೇವ್ ಪಿಂಗ್'. ಆಚೆ ಬದುವಿನಲ್ಲಿ ನಿಂತವರನ್ನು "ಓ" ಎಂದು ಕೂಗಿದ ಹಾಗೆ, ಯಂತ್ರಕ್ಕೊಂದು ಸಣ್ಣ ಲೆಕ್ಕ ಕೊಟ್ಟು ಮರುದನಿಗೆ ಕಾಯುವುದು. ಕೆಲವು ಸೆಕೆಂಡು ಕಳೆದವು. ಅದರೊಳಗೆ ಒಂದು ಸಲದ ಅನೀಲಿಂಗಿಗೆ ವಾಡಿಕೆಯ ಹೊತ್ತು 20 ಮೈಕ್ರೋಸೆಕೆಂಡು; ಮಿಕ್ಕದ್ದು ಹೋಗಿಬರುವ ದಾರಿ, ಅಣಿಮಾಡುವ ಕೆಲಸ. ಕಮ್ಮಾರ ಇರುಳೆಲ್ಲ ಕಾಯುವುದು ಅಲ್ಲಿ ರೆಪ್ಪೆ ಬಡಿಯುವುದರೊಳಗೆ ಮುಗಿಯುತ್ತದೆ, ಅದೂ ಸೊನ್ನೆಗಿಂತ ಸುಮಾರು 273 ಡಿಗ್ರಿ ಸೆಲ್ಸಿಯಸ್ ಕೆಳಗಿನ ಚಳಿಯಲ್ಲಿ. ನಮ್ಮ ಔರಾದ ತಾಲ್ಲೂಕಿನ ಬಿಸಿಲಲ್ಲಿ ಬೆಳೆದ ಮೈಗೆ ಆ ಚಳಿ ಊಹೆಗೂ ಸಿಗುವುದಿಲ್ಲ.

"ಬಂತು ನೋಡ್ರಿ ಕಾಕಾ!"

ಪರದೆಯ ಮೇಲೆ ಆ ಲೆಕ್ಕದ ಗುರುತಿನ ಸಂಖ್ಯೆ ಮೂಡಿತ್ತು. ಅವಳು ಅದನ್ನು ನೋಟ್‌ಬುಕ್ಕಿನಲ್ಲಿ ಅಕ್ಷರ ಬಿಡದೆ ಬರೆದುಕೊಂಡು, ಕೆಳಗೆ ತಾರೀಖು ಹಾಕಿ, 'ಸಂತಪುರ' ಎಂದು ಬರೆದಳು.