ನಿಂತು ನಿಂತು ಉಚ್ಚಂಗಿದುರ್ಗಕ್ಕೆ

ದಾವಣಗೆರೆಯಿಂದ ಆಣಜಿ ದಾಟಿ ಮುಂದೆ ಸಾಗಿದರೆ, ಬಯಲಿನ ನಡುವೆ ಉಚ್ಚಂಗಿದುರ್ಗದ ಬೆಟ್ಟ ದೂರದಿಂದಲೇ ಕಾಣಿಸಿಕೊಳ್ಳುತ್ತದೆ. ಇಂದಿನ ಕಾರಿಗೆ ಇದೊಂದು ದಾರಿಯೇ ಅಲ್ಲ. ಆದರೆ 1987ರ ಬೇಸಿಗೆಯಲ್ಲಿ ದಾವಣಗೆರೆಯ ಕಿರಾಣಿ ವ್ಯಾಪಾರಿಯೊಬ್ಬರ ಹತ್ತೊಂಬತ್ತರ ಮಗನಿಗೆ ಇದೇ ದಾರಿ ಅರ್ಧ ದಿನ ಹಿಡಿಯಿತು. ಕಾರಣ, ಅವನ ಕೈಯಲ್ಲಿದ್ದ ಫಿಯಟ್.

ಹೊಸ ಕಾರಿಗೆ ದುಡ್ಡು ಕಟ್ಟಿ ವರ್ಷಗಟ್ಟಲೆ ಕಾಯುವ ಕಾಲ ಆಗಷ್ಟೇ ಮುಗಿಯುತ್ತಿತ್ತು. ಮಾರುತಿ 800 ರಸ್ತೆಗಿಳಿದದ್ದು 1983ರ ಡಿಸೆಂಬರಿನಲ್ಲಿ. ಅಲ್ಲಿಯವರೆಗೆ ಕಾರೆಂದರೆ ಅಂಬಾಸಿಡರ್, ಇಲ್ಲವೇ ಫಿಯಟ್. ಈ ಮನೆಗೆ ಬಂದದ್ದು ಎರಡು ಕೈ ದಾಟಿದ ಫಿಯಟ್. ವಯಸ್ಸಿನಲ್ಲಿ ಹುಡುಗನಿಗಿಂತ ಒಂದು ವರ್ಷ ದೊಡ್ಡದು. ಸ್ಟಿಯರಿಂಗಿನ ಪಕ್ಕದಲ್ಲೇ ಗೇರು, ಹಿಂದಿನ ಸೀಟಿನ ಕೆಳಗೆ ಎರಡು ಕ್ಯಾನ್ ನೀರು, ಚಕ್ರಕ್ಕೆ ಕೊಡಲು ಒಂದು ಕಲ್ಲು. ಬ್ಯಾಟರಿಗೆ ಜೀವ ಕಡಿಮೆಯಾದ್ದರಿಂದ ಗಾಡಿಯನ್ನು ಇಳಿಜಾರಿನಲ್ಲೇ ನಿಲ್ಲಿಸಬೇಕಿತ್ತು. ಹೊರಡುವಾಗ ಕಲ್ಲು ತೆಗೆದು ಉರುಳಿಸಿ, ಎರಡನೇ ಗೇರಿನಲ್ಲಿ ಕ್ಲಚ್ ಬಿಟ್ಟರೆ ಎಂಜಿನ್ ಕೆಮ್ಮುತ್ತಾ ಎದ್ದೇಳುತ್ತಿತ್ತು.

ಲೈಸೆನ್ಸ್ ಬಂದ ಮೇಲೂ ಆರು ತಿಂಗಳು ಅಪ್ಪ ಪಕ್ಕದಲ್ಲಿ ಕೂತೇ ಓಡಿಸಿದ್ದರು. ಅಜ್ಜಿಗೆ ಯುಗಾದಿ ಜಾತ್ರೆಯ ನೂಕುನುಗ್ಗಲಿನಲ್ಲಿ ಬೆಟ್ಟ ಹತ್ತಲಾಗದು. ಜಾತ್ರೆ ಮುಗಿದ ಮೇಲೆ ಉಚ್ಚಂಗೆಮ್ಮನ ದರ್ಶನಕ್ಕೆ ಕರೆದೊಯ್ಯುವ ಕೆಲಸ ಮೊಮ್ಮಗನಿಗೆ ಬಂತು. ಮೊದಲ ಸಲ ಒಬ್ಬನೇ. ಅಪ್ಪ ಕೀಲಿಕೈ ಕೊಡುತ್ತಾ ಹೇಳಿದ್ದು ಒಂದೇ ಮಾತು: “ಗಾಡಿ ನಿಂತರೆ ಗಾಬರಿ ಬೀಳಬ್ಯಾಡ. ಪಕ್ಕಕ್ಕೆ ಹಚ್ಚು, ಅಜ್ಜಿನ್ನ ನೆರಳಾಗ ಕೂಡ್ರಿಸು. ಬಾನೆಟ್ ಆಮೇಲೆ.”

ಆಣಜಿ ದಾಟುತ್ತಲೇ ಬಾನೆಟ್ಟಿನ ಸಂದಿಯಿಂದ ಹಬೆ ಎದ್ದಿತು. ಬೋರ್‌ವೆಲ್ಲಿನ ಗಡಸು ನೀರು ವರ್ಷಗಟ್ಟಲೆ ಹರಿದು ರೇಡಿಯೇಟರಿನ ಸಣ್ಣ ಕೊಳವೆಗಳಲ್ಲಿ ಉಪ್ಪು ಕಟ್ಟಿತ್ತು. ನೀರು ತಣಿಯಲು ದಾರಿಯೇ ಇರಲಿಲ್ಲ. ಹುಡುಗ ಅಪ್ಪನ ಮಾತು ಮರೆತ. ಅಜ್ಜಿಯನ್ನು ಬಿಸಿಲಿನಲ್ಲೇ ಬಿಟ್ಟು ರೇಡಿಯೇಟರಿನ ಮುಚ್ಚಳಕ್ಕೆ ಕೈ ಹಾಕಿದ. ಎತ್ತಿನಗಾಡಿಯಲ್ಲಿ ಬರುತ್ತಿದ್ದ ರೈತರೊಬ್ಬರು ಜಿಗಿದು ಬಂದು ಆ ಕೈ ಹಿಡಿದೆಳೆದರು. “ಏ ತಮ್ಮಾ, ಮುಖ ಸುಟ್ಟುಕೊಂತೀಯೇನು? ಮೊದಲು ತಣ್ಣಗಾಗಲಿ.” ಮುಚ್ಚಳ ತೆಗೆದಿದ್ದರೆ ಒತ್ತಡದಲ್ಲಿದ್ದ ಕುದಿನೀರು ನೇರ ಮುಖಕ್ಕೆ ಚಿಮ್ಮುತ್ತಿತ್ತು. ಕಾದ ಎಂಜಿನ್ನಿಗೆ ಒಮ್ಮೆಲೇ ತಣ್ಣೀರು ಸುರಿದರೆ ಅದೂ ಸೀಳಬಹುದು. ಹುಡುಗನಿಗೆ ಇವೆರಡೂ ಗೊತ್ತಿದ್ದವು; ಗಾಬರಿಯಲ್ಲಿ ನೆನಪಾಗಲಿಲ್ಲ.

ಬೇವಿನ ನೆರಳಿನಲ್ಲಿ ಮುಕ್ಕಾಲು ಗಂಟೆ ಕಳೆಯಿತು. ಅಜ್ಜಿ ಬುತ್ತಿ ಬಿಚ್ಚಿ ರೈತರಿಗೂ ರೊಟ್ಟಿ, ಶೇಂಗಾ ಚಟ್ನಿ ಕೊಟ್ಟರು. “ಗಾಡಿಗೂ ದಣಿವು ಆಗ್ತೈತಪ್ಪಾ, ನನ್ನಂಗ ಅದಕ್ಕೂ ವಯಸ್ಸಾಗೈತಿ” ಎಂದು ನಕ್ಕರು. ಮುಂದೆ ಇನ್ನೂ ಎರಡು ಸಲ ನಿಂತ ಮೇಲೆ ಬೆಟ್ಟದ ಬುಡ ಸಿಕ್ಕಿತು.

ಈ ಗಿರಿದುರ್ಗ ಸುಲಭಕ್ಕೆ ಒಲಿದದ್ದೇ ಅಲ್ಲ. ನೊಳಂಬರ ಈ ನೆಲೆಯನ್ನು ಗಂಗರ ಮಾರಸಿಂಹ 10ನೇ ಶತಮಾನದಲ್ಲಿ ಗೆದ್ದ. ಆಮೇಲೆ ಇಲ್ಲಿ ಆಳಿದವರು ಉಚ್ಚಂಗಿಯ ಪಾಂಡ್ಯರು. ಚೋಳರು ಹನ್ನೆರಡು ವರ್ಷ ಮುತ್ತಿಗೆ ಹಾಕಿ ಕೈಬಿಟ್ಟ ಕೋಟೆಯನ್ನು ಹೊಯ್ಸಳ ಇಮ್ಮಡಿ ಬಲ್ಲಾಳ ಲೀಲಾಜಾಲವಾಗಿ ಗೆದ್ದನೆಂದು ಶಾಸನ ಹೊಗಳುತ್ತದೆ. ‘ಗಿರಿದುರ್ಗಮಲ್ಲ’ ಅವನ ಬಿರುದು. ಅಂದು ಮೊಮ್ಮಗನ ಭುಜ ಹಿಡಿದು ಮೆಟ್ಟಿಲು ಮುಗಿಸಿದ ಅಜ್ಜಿಯ ಗೆಲುವೂ ಅದಕ್ಕೆ ಕಡಿಮೆಯದಲ್ಲ.

ಮನೆ ಮುಟ್ಟಿದಾಗ ಕತ್ತಲಾಗಿತ್ತು. ಆಗ ಮೊಬೈಲ್ ಇಲ್ಲ. ಅಪ್ಪ ಸಂಜೆಯಿಂದ ಕಟ್ಟೆಯ ಮೇಲೆ ಕೂತಿದ್ದರು. ಯಾಕೆ ತಡ ಎನ್ನಲಿಲ್ಲ. “ಎಷ್ಟು ಸಲ ನಿಂತ್ತು?” ಎಂದರು. ಮುಚ್ಚಳಕ್ಕೆ ಕೈ ಹಾಕಿದ್ದನ್ನೂ ಮಗ ಮುಚ್ಚಿಡದೆ ಹೇಳಿದ. ಮರುವಾರ ಕೀಲಿಕೈ ಮತ್ತೆ ಅವನ ಕೈಗೇ ಬಂತು.

ಕೋಟೆ ಕೂತಲ್ಲೇ ಕೂತಿದ್ದರೂ ಅದರ ಜಿಲ್ಲೆ ಬದಲಾಗುತ್ತಲೇ ಬಂದಿದೆ. ಹರಪನಹಳ್ಳಿ ತಾಲ್ಲೂಕು 1997ರಲ್ಲಿ ದಾವಣಗೆರೆಗೆ ಸೇರಿತು, 2018ರಲ್ಲಿ ಮತ್ತೆ ಬಳ್ಳಾರಿಗೆ, 2021ರಿಂದ ವಿಜಯನಗರ ಜಿಲ್ಲೆಗೆ. ಕಾನೂನೂ ಬಿಗಿಯಾಗಿದೆ. ಹದಿನೆಂಟು ತುಂಬದವರ ಕೈಗೆ ಕಾರು ಕೊಟ್ಟು ಅವರು ಅಪರಾಧ ಮಾಡಿದರೆ, 2019ರ ತಿದ್ದುಪಡಿಯಂತೆ ಪೋಷಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು. ಕೀಲಿಕೈಯನ್ನು ಯಾವಾಗ ಕೊಡಬೇಕೆಂಬುದನ್ನು ಕಾನೂನು ಹೇಳುತ್ತದೆ. ಜೊತೆಗೆ ಏನು ಹೇಳಿ ಕೊಡಬೇಕೆಂಬುದು ಮನೆಯವರ ಪಾಲಿನ ಕೆಲಸ.

ಆ ಹುಡುಗ ಈಗ ಐವತ್ತು ದಾಟಿದ ತಂದೆ. ಈಚೆಗೆ ಲೈಸೆನ್ಸ್ ಪಡೆದ ಮಗಳು ಉಚ್ಚಂಗಿದುರ್ಗಕ್ಕೆ ಕಾರು ಓಡಿಸುತ್ತಿದ್ದಾಗ, ಆಣಜಿ ದಾಟಿ ಸ್ವಲ್ಪ ದೂರದಲ್ಲಿ ಅವರು ನಿಲ್ಲಿಸಲು ಹೇಳಿದರು.

“ಯಾಕಪ್ಪಾ? ಗಾಡಿ ಸರಿಯಾಗೇ ಐತಲ್ಲ!”

“ಐತವ್ವಾ. ಪಕ್ಕಕ್ಕೆ ಹಚ್ಚು, ಹೇಳ್ತೀನಿ” ಎಂದು ಅವರು ಬಾಗಿಲು ತೆಗೆದು ನೆರಳಿನತ್ತ ನಡೆದರು.