ಇಂದುನಗರದ ನೆರಳು-ಬೆಳಕು

ಕಳೆದ ಬೇಸಿಗೆ ರಜೆಯಲ್ಲಿ ನಾವು ತಾಳವಾಡಿಯಿಂದ ಹೊರಟು, ಗುಂಡ್ಲುಪೇಟೆ, ಬಂಡೀಪುರಗಳನ್ನು ದಾಟಿ, ಕಲ್ಹಟ್ಟಿ ಘಟ್ಟದ 36 ತಿರುವುಗಳನ್ನೇರಿ ಉದಕಮಂಡಲವನ್ನು ಸೇರಿದೆವು. ಹೂದೋಟ, ಕೆರೆಗಳ ವೀಕ್ಷಣೆ ನಮ್ಮ ಉದ್ದೇಶವಾಗಿರಲಿಲ್ಲ. ನಮ್ಮ ಚೀಲದಲ್ಲಿ 1982ರ ಶಾಲಾ ಗುಂಪುಚಿತ್ರವೊಂದಿತ್ತು. ಅದರಲ್ಲಿ ನಮ್ಮ ಪಕ್ಕ ನಿಂತಿದ್ದ ಸಹಪಾಠಿಯ ಮುಖವನ್ನು ಮಳೆಗಾಲದ ತೇವವು ತಿಂದುಹಾಕಿತ್ತು. ಆತ ಈಗಿಲ್ಲ, ಆತನ ಬೇರೆ ಚಿತ್ರವೂ ಇಲ್ಲ. ಮಗನ ಮುಖ ಮತ್ತೊಮ್ಮೆ ಕಾಣಬೇಕೆಂಬುದು ವೃದ್ಧ ತಾಯಿಯ ಕೋರಿಕೆ.

ಮೊದಲು ಇಂದುನಗರಕ್ಕೆ ಹೋದೆವು. 1960ರಲ್ಲಿ ಸ್ಥಾಪಿತವಾದ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆಯಲ್ಲಿ 1967ರಿಂದ 'ಇಂದು' ಹೆಸರಿನ ಕಪ್ಪು-ಬಿಳುಪು ಫಿಲ್ಮು ತಯಾರಾಗುತ್ತಿತ್ತು. ಈಗ ಅದು ಮುಚ್ಚಿದೆ.

ಪೇಟೆಯ ಹಿರಿಯ ಛಾಯಾಗ್ರಾಹಕರೊಬ್ಬರು ನಮ್ಮನ್ನು ಆದರದಿಂದ ಬರಮಾಡಿಕೊಂಡರು. ಅವರು ಕಂಪ್ಯೂಟರನ್ನು ಹಳಿಯುವರೆಂದು ಎಣಿಸಿದ್ದೆವು. ಹಾಗಾಗಲಿಲ್ಲ.

"ತಿದ್ದುವುದು ಹೊಸದೇನಲ್ಲ, ಮೇಷ್ಟ್ರೇ" ಎಂದರು. ಕತ್ತಲೆಕೋಣೆಯಲ್ಲಿ ಎನ್‌ಲಾರ್ಜರಿನ ಬೆಳಕಿಗೆ ಕೈ ಅಡ್ಡ ಹಿಡಿದರೆ ಕಾಗದದ ಆ ಭಾಗ ತಿಳಿಯಾಗುವುದು. ಹೆಚ್ಚು ಹೊತ್ತು ಬೆಳಕು ಬಿಟ್ಟರೆ ಕಪ್ಪಾಗುವುದು. ನೆಗೆಟಿವಿನ ಮೇಲೆ ಚೂಪಾದ ಪೆನ್ಸಿಲಿನಿಂದ ತೀಡಿದರೆ ಮುಖದ ಸುಕ್ಕು ಮಾಯವಾಗುವುದು. ಅಮೆರಿಕದ ಆನ್ಸೆಲ್ ಆಡಮ್ಸ್ (1902–1984) ನೆಗೆಟಿವನ್ನು ಸಂಗೀತದ ಸ್ವರಲಿಪಿಗೂ, ಅಚ್ಚಾದ ಚಿತ್ರವನ್ನು ಕಛೇರಿಗೂ ಹೋಲಿಸಿದ್ದರಂತೆ. 1990ರಲ್ಲಿ ಬಂದ ಫೋಟೋಶಾಪಿನಲ್ಲಿಯೂ ಇವೇ ಕೈಚಳಕಗಳಿವೆ. ಡಾಡ್ಜ್, ಬರ್ನ್ ಎಂಬ ಹೆಸರುಗಳೂ ಕತ್ತಲೆಕೋಣೆಯವೇ.

ಅವರ ಮೊಮ್ಮಗ ಚಿತ್ರವನ್ನು ಗಣಕಯಂತ್ರಕ್ಕೇರಿಸಿದ. ಬಿರುಕುಗಳು ಅಳಿದವು, ಮಾಸಿದ ಸಾಲುಗಳು ತಿಳಿಯಾದವು. ಬಳಿಕ ಆತ, "ಮುಖವನ್ನು ಯಂತ್ರವೇ ಊಹಿಸಿ ಬರೆಯುತ್ತದೆ, ತಾತಾ" ಎಂದ. ಹಿರಿಯರು ತಡೆದರು.

"ಉಳಿದಿರುವುದನ್ನು ಬೆಳಗಿಸುವುದು ನಮ್ಮ ಕಸುಬು. ಇಲ್ಲದ ಮುಖವನ್ನು ನಾವು ಸೃಷ್ಟಿಸಿದರೆ, ಆ ತಾಯಿ ಯಾರದೋ ಮುಖದ ಮುಂದೆ ದೀಪ ಹಚ್ಚಿಯಾರು."

ನಮಗೆ ನಿರಾಶೆಯಾಯಿತು, ಆದರೆ ಅವರ ಮಾತನ್ನು ಅಲ್ಲಗಳೆಯಲಾಗಲಿಲ್ಲ.

ಊರಿಗೆ ಮರಳಿ ತಾಯಿಗೆ ನಡೆದುದನ್ನೆಲ್ಲ ಹೇಳಿದೆವು. ಆಕೆ ಬಹಳ ಹೊತ್ತು ಚಿತ್ರವನ್ನು ನೋಡಿದರು. ನಮ್ಮ ಹೆಗಲ ಮೇಲಿದ್ದ ಕೈಯೊಂದು ಈಗ ಸ್ಪಷ್ಟವಾಗಿತ್ತು. "ಇದು ಅವನ ಕೈಯೇ ಅಲ್ಲವೇನಪ್ಪಾ?" ಎಂದು ಬೆರಳಿಟ್ಟರು. ಹೌದೆಂದೆವು.

ವಾಚಕರಲ್ಲಿ ನಮ್ಮದೊಂದು ಬಿನ್ನಹ: ಮನೆಯ ಹಳೆಯ ಚಿತ್ರಗಳನ್ನು ತೇವ ತಾಗದೆಡೆಯಲ್ಲಿರಿಸಿ, ಅವುಗಳ ಬೆನ್ನಿಗೆ ಮೆದು ಪೆನ್ಸಿಲಿನಲ್ಲಿ ಹೆಸರುಗಳನ್ನು ಬರೆದಿಡಿರಿ. ಬಲ್ಲವರು ಇರುವಾಗಲೇ ಈ ಕೆಲಸವಾಗಲಿ.