ಊರ್ಡಿಗೆರೆಯಲ್ಲಿ ಸ್ವಾಹಿಲಿ ಪಾಠ

ತುಮಕೂರು ತಾಲ್ಲೂಕಿನ ಹೋಬಳಿ ಕೇಂದ್ರವಾದ ಊರ್ಡಿಗೆರೆಯು ದೇವರಾಯನದುರ್ಗದ ಬೆಟ್ಟಗಳಿಗೆ ಸಮೀಪದ ಊರು. ಹೆಸರಿನ ಕೊನೆಯ ‘ಗೆರೆ’ಯು ಕಕಾರಕ್ಕೆ ಗಕಾರ ಆದೇಶವಾಗಿ ಬಂದ ‘ಕೆರೆ’ಯೇ. ವ್ಯಾಕರಣ ಓದಿದವರಿಗೆ ಊರ ಹೆಸರನ್ನೂ ಬಿಡಿಸಿ ನೋಡುವ ಚಪಲ! ಆದರೆ ಇಲ್ಲಿ ಸ್ವಾಹಿಲಿ ಭಾಷೆಯ ಕ್ರಿಯಾಪದಗಳನ್ನೂ ಬಿಡಿಸುವ ಪ್ರಸಂಗ ನಮಗೆ ಒದಗಿತು.

ಸದ್ಭಕ್ತರೊಬ್ಬರ ಮನೆಯಲ್ಲಿ ಶಿವಪೂಜೆ, ಪ್ರಸಾದಗಳು ಮುಗಿದ ಮೇಲೆ ಮನೆಯ ಮಗಳು ಒಂದು ನೋಟ್‌ಬುಕ್ಕನ್ನು ನಮ್ಮ ಮುಂದಿಟ್ಟಳು. ನರ್ಸಿಂಗ್ ಶಿಕ್ಷಣ ಮುಗಿಸಿದ ಆಕೆಗೆ ಟಾಂಜಾನಿಯಾ ದೇಶದ ದಾರ್ ಎಸ್ ಸಲಾಮ್ ನಗರದಲ್ಲಿ ಕೆಲಸ ದೊರೆತಿದೆ.

“ಗುರುಗಳೇ, ಪದಗಳು ನೆನಪಿರುತ್ತವೆ. ಕ್ರಿಯಾಪದ ಮಾತ್ರ ಕೈಗೆ ಸಿಗುತ್ತಿಲ್ಲ. ರೋಗಿ ಮಾತ್ರೆ ನುಂಗಿದೆ ಎಂದನೋ, ನುಂಗಲಿಲ್ಲ ಎಂದನೋ ತಿಳಿಯದಿದ್ದರೆ ಏನು ಗತಿ?”

ಪ್ರಶ್ನೆ ಸಣ್ಣದಲ್ಲ. ನುಂಗಿದವನಿಗೆ ಮತ್ತೆ ಮದ್ದು ಕೊಟ್ಟರೆ ಅಪಾಯ.

“ನೋಡು ತಾಯೀ, ಕನ್ನಡದಲ್ಲಿ ಧಾತು ಮೊದಲು, ಕಾಲ ನಡುವೆ, ಪುರುಷ ಪ್ರತ್ಯಯ ಕೊನೆಗೆ. ಸ್ವಾಹಿಲಿಯಲ್ಲಿ ಪುರುಷ ಮೊದಲು, ಆಮೇಲೆ ಕಾಲ, ಕೊನೆಗೆ ಧಾತು” ಎಂದೆವು. ‘ಮೇಜಾ’ ಎಂದರೆ ನುಂಗು. (ಅಲ್ಲಿ ನಮ್ಮ ಮೇಜಿಗೂ ಇದೇ ಹೆಸರು!) ‘ನಿಲಿಮೇಜಾ’ ಎಂಬಲ್ಲಿ ‘ನಿ’ ನಾನು, ‘ಲಿ’ ಭೂತಕಾಲ, ಅಂದರೆ ನುಂಗಿದೆನು. ‘ಲಿ’ ಹೋಗಿ ‘ತ’ ಬಂದರೆ ನುಂಗುವೆನು, ‘ನ’ ಬಂದರೆ ನುಂಗುತ್ತೇನೆ. ನುಂಗಲಿಲ್ಲ ಎನ್ನಲು ‘ಸಿಕುಮೇಜಾ’. ನಮ್ಮ ‘ಇಲ್ಲ’ ಮಾತಿನ ಕೊನೆಗೆ ಬರುತ್ತದೆ. ಅವರ ‘ಸಿ’ ಮೊದಲಿಗೇ ಬಂದುಬಿಡುತ್ತದೆ. ಕನ್ನಡದ ಕಿವಿ ಕೊನೆಯನ್ನು ಕಾಯುತ್ತ ಕುಳಿತರೆ ರೋಗಿಯ ಉತ್ತರ ಆಗಲೇ ಕಳೆದುಹೋಗಿರುತ್ತದೆ.

ಮಠದ ಪಾಠಶಾಲೆಯಲ್ಲಿ ಭವತಿ, ಭವತಃ, ಭವಂತಿ ಎಂದು ನಾವು ಒಪ್ಪಿಸುತ್ತಿದ್ದ ಧಾಟಿಯಲ್ಲಿಯೇ ಆಕೆಯಿಂದ ಹೇಳಿಸಿದೆವು: ನಿಲಿಮೇಜಾ, ಉಲಿಮೇಜಾ, ಅಲಿಮೇಜಾ; ತುಲಿಮೇಜಾ, ಮ್ಲಿಮೇಜಾ, ವಲಿಮೇಜಾ. ನಾನು, ನೀನು, ಅವನು. ನಾವು, ನೀವು, ಅವರು. ‘ಅ’ ಎಂಬ ಒಂದೇ ಅಕ್ಷರ ಅವನಿಗೂ ಸಲ್ಲುತ್ತದೆ, ಅವಳಿಗೂ ಸಲ್ಲುತ್ತದೆ. ಆತ್ಮಕ್ಕೆ ಹೆಣ್ಣು ಗಂಡೆಂಬ ಭೇದವಿಲ್ಲವೆಂದ ಜೇಡರ ದಾಸಿಮಯ್ಯನವರು ನಮಗೆ ನೆನಪಾದರು.

ಕೇಳುತ್ತಿದ್ದ ಅಜ್ಜಿಗೆ ಬೇರೊಂದು ಚಿಂತೆ. “ಅಲ್ಲ ಸ್ವಾಮಿ, ದೊಡ್ಡೋರಿಗೂ ‘ನೀನು’ ಅನ್ನೋದಾ?”

ಒಬ್ಬರೇ ಎದುರಿಗಿದ್ದರೆ ಹಿರಿಯರಿಗೂ ‘ಉ’ ಎಂದೇ ಹೇಳುತ್ತಾರೆ, ನಿಜ. ಆದರೆ ಗೌರವ ಅಲ್ಲಿ ವಂದನೆಯಲ್ಲಿದೆ. ಕಿರಿಯರು ಹಿರಿಯರಿಗೆ ‘ಶಿಕಮೋ’ ಎನ್ನಬೇಕು; ಪಾದ ಹಿಡಿಯುತ್ತೇನೆಂಬ ಮಾತಿನಿಂದ ಅದು ಬಂದಿತೆಂದು ವಿವರಿಸುವುದುಂಟು. ಹಿರಿಯರು ‘ಮರಹಬಾ’ ಎಂದು ಸ್ವೀಕರಿಸುತ್ತಾರೆ.

ಮೊಮ್ಮಗಳು ಒಡನೆಯೇ ಬಾಗಿ “ಶಿಕಮೋ ಅಜ್ಜಿ” ಎಂದಳು. ಅಜ್ಜಿ ಮರುನುಡಿ ಮರೆತು ನಮ್ಮ ಕಡೆ ನೋಡಿದರು, ಇನ್ನೊಮ್ಮೆ ಹೇಳಿಸಿಕೊಂಡರು.